ತಟ್ಟೆಯ ಅಂಚಿನ ಊರು

ಸರೋಜತ್ತೆಯ ಜಯನಗರದ ಮನೆಯ ಮುಂಬಾಗಿಲಿನಿಂದ ನಾನು ಒಳಗೆ ಹೋದದ್ದು ಎರಡೇ ಸಲ. ಮೊದಲನೆಯದು ಗೃಹಪ್ರವೇಶದ ದಿನ. ಆಗ ನಾನು ಅಮ್ಮನ ಸೊಂಟದ ಮೇಲಿದ್ದೆ, ಆದ್ದರಿಂದ ಅದನ್ನು ನನ್ನ ಹೆಜ್ಜೆಯೆಂದು ಹೇಳಿಕೊಳ್ಳಲಾಗದು. ಎರಡನೆಯದು ನನ್ನ ಶಾಲೆಯವರು ತನಿಖೆಗೆ ಬಂದ ದಿನ. ಉಳಿದಂತೆ ಅರ್ಧ ವರ್ಷಕ್ಕೆ ತುಸು ಹೆಚ್ಚು ಕಾಲ, ಭಾನುವಾರ ಮತ್ತು ಹಬ್ಬಗಳನ್ನು ಬಿಟ್ಟು ಪ್ರತಿದಿನ, ಹಿಂಬಾಗಿಲೇ ನನ್ನ ಬಾಗಿಲಾಗಿತ್ತು. ಕಾಂಪೌಂಡಿನ ಸಂದಿಯಲ್ಲಿ ನಡೆದು, ಬಟ್ಟೆ ಒಗೆಯುವ ಕಲ್ಲನ್ನು ಬಳಸಿ, ನಲ್ಲಿಯ ಕೆಳಗೆ ಕಾಲು ತೊಳೆದು, ಚಿಲಕವನ್ನು ಎರಡು ಸಲ ಮೆಲ್ಲಗೆ ಅಲ್ಲಾಡಿಸಬೇಕು. ಮೂರನೆಯ ಸಲ ಅಲ್ಲಾಡಿಸಿದರೆ ಪಕ್ಕದ ಮನೆಯವರಿಗೆ ಕೇಳಿಸುತ್ತದೆ ಎಂದು ಅತ್ತೆ ಮೊದಲ ದಿನವೇ ಹೇಳಿದ್ದರು. ಬಾಗಿಲು ತೆರೆದ ಮೇಲೆ, ನಾವಿದ್ದ ವಸಂತಪುರದ ಕೆಮ್ಮಣ್ಣು ಮೆತ್ತಿದ ನನ್ನ ಚಪ್ಪಲಿಯನ್ನು ಬಕೆಟ್ಟಿನ ಹಿಂದೆ ಅಡಗಿಸಿ, ಅತ್ತೆಯ ಮಗಳು ಶೋಭಾಳ ಹಳೆಯ ಚಪ್ಪಲಿ ಮೆಟ್ಟಿಕೊಂಡು, ರಾತ್ರಿಯೆಲ್ಲ ಅದೇ ಮನೆಯಲ್ಲಿ ಮಲಗಿ ಎದ್ದವಳಂತೆ ಅವಳ ಜೊತೆ ಮುಂಬಾಗಿಲಿನಿಂದ ಹೊರಡಬೇಕು. ಶಾಲೆಗೆ ಹೊರಡಲು ಮುಂಬಾಗಿಲು, ಒಳಗೆ ಬರಲು ಹಿಂಬಾಗಿಲು. ಈ ಕ್ರಮವನ್ನು ನಾನು ಒಂದು ದಿನವೂ ತಪ್ಪಿಸಲಿಲ್ಲ. ಆಗ ನನಗೆ ಹತ್ತು ವರ್ಷ. ಶೋಭಾಳೂ ನಾನೂ ಐದನೆಯ ತರಗತಿಯ ಒಂದೇ ಬೆಂಚಿನಲ್ಲಿ ಕೂರುತ್ತಿದ್ದೆವು.

ಅತ್ತೆ ನನ್ನ ಅಪ್ಪನ ಒಡಹುಟ್ಟಿದ ತಂಗಿ. ಅವರ ಮನೆ ನಿಂತಿದ್ದ ಜಾಗಕ್ಕೆ ಆಗಲೇ ಬ್ಲಾಕಿನ ಸಂಖ್ಯೆ, ಅಡ್ಡರಸ್ತೆಯ ಸಂಖ್ಯೆ ಎಲ್ಲವೂ ಬಂದಿದ್ದವು. ಅದಕ್ಕೂ ಮೊದಲು ಅದರ ಹೆಸರು ಹೊಂಗೇಪಾಳ್ಯ. ಇಪ್ಪತ್ತು ಮನೆಗಳ ಪುಟ್ಟ ಹಳ್ಳಿ. ನಮ್ಮ ಕುಟುಂಬದವರೂ ದಾಯಾದಿಗಳೂ ಸೇರಿ ಅರ್ಧ ಊರು. ಬಡಾವಣೆಗೆಂದು ಅಳತೆಯ ಸರಪಳಿ ಎಳೆದ ಮೇಲೆ ಮೊದಲು ಹೊಲಗಳು ಹೋದವು, ಆಮೇಲೆ ಮನೆಗಳು, ಕಡೆಯಲ್ಲಿ ಹೆಸರು. ನಾವು ಅಜ್ಜಿಯ ತವರಾದ ವಸಂತಪುರಕ್ಕೆ ಹೋದೆವು. ಅತ್ತೆಯ ಗಂಡನಿಗೆ ಕಾರ್ಖಾನೆಯಲ್ಲಿ ಕೆಲಸವಿದ್ದುದರಿಂದ ಅದೇ ಬಡಾವಣೆಯಲ್ಲಿ ಒಂದು ನಿವೇಶನ ಸಿಕ್ಕಿತು. ಹೀಗೆ ಅತ್ತೆ ತಾನು ಹುಟ್ಟಿದ ಊರಿಗೆ ಹೊಸ ವಿಳಾಸದೊಡನೆ ಮರಳಿ ಬಂದರು. ಆದರೆ ಅಕ್ಕಪಕ್ಕದ ಮನೆಯವರಿಗೆ ತನ್ನ ತವರು ಮೈಸೂರಿನ ಕಡೆಯದೆಂದು ಹೇಳಿಕೊಂಡಿದ್ದರು. ಅವರ ನೆರೆಯವರೆಲ್ಲ ಕಚೇರಿಗಳಲ್ಲಿ ಕೆಲಸ ಮಾಡುವ ಮಂದಿ. ಆ ಜನರ ನಡುವೆ, ಅವರ ಮನೆಗಳ ಕೆಳಗಿನ ಮಣ್ಣಿನಲ್ಲಿ ತನ್ನ ತಾಯಿ ರಾಗಿ ಕಳೆ ಕಿತ್ತಿದ್ದಳೆಂದು ಹೇಳುವುದು ಅತ್ತೆಗೆ ಆಗದ ಮಾತಾಗಿತ್ತು. ಅದು ನನಗೆ ಈಗ ಅರ್ಥವಾಗುತ್ತದೆ. ಅರ್ಥವಾಗುವುದು ಬೇರೆ, ಕ್ಷಮಿಸುವುದು ಬೇರೆ.

ವಸಂತಪುರದ ನಮ್ಮ ಮನೆಯಲ್ಲಿ ಎರಡೇ ಅಂಕಣ. ಹಿಂದಿನದರಲ್ಲಿ ಒಲೆ, ಬೀಸುವ ಕಲ್ಲು ಮತ್ತು ಅಜ್ಜಿ. ಮುಂದಿನದರಲ್ಲಿ ಹಸುಗಳು, ಅಪ್ಪ, ಅಮ್ಮ ಮತ್ತು ನಾನು. ಗೋಡೆಯ ಉದ್ದಕ್ಕೂ ಅಡ್ಡಹಲಗೆಯ ಮೇಲೆ ಪಾತ್ರೆಗಳ ಸಾಲು. ಹೊಲ ಕಳೆದುಕೊಂಡ ಮೇಲೆ ಅಜ್ಜಿ ಅತಿಯಾಗಿ ಕಾಪಾಡಿಕೊಂಡದ್ದು ಪಾತ್ರೆಗಳನ್ನು ಮಾತ್ರ. ಹಂಡೆ, ಕೊಳಗ, ತಂಬಿಗೆ, ಲೋಟ, ಪ್ರತಿಯೊಂದರ ಅಂಚಿನಲ್ಲೂ ಮನೆಯವರ ಹೆಸರು, ಹೆಸರಿನ ಪಕ್ಕದಲ್ಲಿ ಊರಿನ ಹೆಸರು, ಸಣ್ಣ ಉಳಿಯಿಂದ ಚುಕ್ಕೆಚುಕ್ಕೆಯಾಗಿ ಕೆತ್ತಿಸಿದ್ದು. ಹಳ್ಳಿಯಲ್ಲಿ ಮದುವೆಗೂ ತಿಥಿಗೂ ಒಬ್ಬರ ಪಾತ್ರೆ ಇನ್ನೊಬ್ಬರ ಮನೆಗೆ ಹೋಗುತ್ತದೆ. ಹತ್ತಾರು ಮನೆಯ ಪಾತ್ರೆ ಒಂದೇ ರಾಶಿಯಲ್ಲಿ ತೊಳೆದು ಬೀಳುತ್ತದೆ. ಹೆಸರಿದ್ದರೆ ಮನೆಗೆ ಬರುತ್ತದೆ, ಇಲ್ಲದಿದ್ದರೆ ಇಲ್ಲ. ಓದು ಬಾರದ ಅಜ್ಜಿ ಆ ಚುಕ್ಕೆಗಳ ಮೇಲೆ ಬೆರಳಾಡಿಸಿಯೇ ನಮ್ಮದು ಯಾವುದು, ದಾಯಾದಿಗಳದು ಯಾವುದು ಎಂದು ಹೇಳಿಬಿಡುತ್ತಿದ್ದಳು. ವಸಂತಪುರಕ್ಕೆ ಬಂದ ಮೇಲೂ ಹೊಸ ಪಾತ್ರೆ ಕೊಂಡಾಗಲೆಲ್ಲ ಅದರ ಮೇಲೆ ಹೊಂಗೇಪಾಳ್ಯವೆಂದೇ ಬರೆಸಬೇಕಿತ್ತು. ಊರೇ ಇಲ್ಲವಲ್ಲ ಎಂದು ಅಮ್ಮ ಒಮ್ಮೆ ಅಂದದ್ದಕ್ಕೆ ಅಜ್ಜಿ ಎರಡು ದಿನ ಊಟಕ್ಕೆ ಏಳಲಿಲ್ಲ.

ವಸಂತಪುರದ ಶಾಲೆಯಲ್ಲಿ ಇದ್ದದ್ದು ನಾಲ್ಕನೆಯ ತರಗತಿಯವರೆಗೆ. ಆ ನಾಲ್ಕು ಮುಗಿಸಿದ ಹೆಣ್ಣುಮಕ್ಕಳು ಹಸುವಿನ ಹಿಂದೆ ಹೋಗುತ್ತಿದ್ದರು. ನಾನು ಹಾಗೆ ಹೋಗಬಾರದೆಂದು ಅಪ್ಪ ಹಟ ಹಿಡಿದರು. ಜಯನಗರದಲ್ಲಿ ಹೆಣ್ಣುಮಕ್ಕಳಿಗೆಂದು ಒಂದು ಸರ್ಕಾರಿ ಮಾಧ್ಯಮಿಕ ಶಾಲೆಯಿತ್ತು, ಒಳ್ಳೆಯ ಹೆಸರು ಪಡೆದ ಶಾಲೆ. ಆದರೆ ಸುತ್ತಲಿನ ಬ್ಲಾಕುಗಳಲ್ಲಿ ವಾಸವಿರುವವರ ಮಕ್ಕಳಿಗೆ ಮಾತ್ರ ಅಲ್ಲಿ ಪ್ರವೇಶ. ವಾಸಕ್ಕೆ ಸಾಕ್ಷಿ ರೇಷನ್ ಕಾರ್ಡು. ಅಪ್ಪ ನನ್ನ ಹೆಸರನ್ನು ನಮ್ಮ ಕಾರ್ಡಿನಿಂದ ತೆಗೆಸಿ ಅತ್ತೆಯ ಕಾರ್ಡಿಗೆ ಸೇರಿಸಿದರು. ಆ ಸಂಜೆ ಅಜ್ಜಿಗೂ ಅಪ್ಪನಿಗೂ ನಡೆದ ಜಗಳದ ಒಂದೊಂದು ಮಾತೂ ನನಗೆ ನೆನಪಿದೆ.

“ಆ ಇಸ್ಕೂಲಿನ ಬಾವುಟದ ಕಂಬ ಐತಲ್ಲ, ಅದು ನಮ್ಮ ಎರಡನೇ ಹೊಲದ ಬದು. ನಮ್ಮ ಹೊಲದಾಗೆ ಕಟ್ಟಿರೋ ಇಸ್ಕೂಲ್ಗೆ ನಮ್ಮ ಮಗೀನ ಕಳ್ಳದಾರೀಲಿ ಸೇರುಸ್ತೀಯಾ?”

“ಕಾನೂನು ಹಂಗೈತೆ ಕಣವ್ವ. ಅಲ್ಲಿರೋರ್ಗೆ ಮಾತ್ರವಂತೆ.”

“ನಾವು ಅಲ್ಲೇ ಇರ್ಲಿಲ್ವಾ?”

“ಈಗ ಯಾರವ್ರೆ ಅಂತ ಕೇಳ್ತಾರೆ. ಆಗ ಯಾರಿದ್ರು ಅಂತ ಯಾರೂ ಕೇಳಲ್ಲ.”

ಅಜ್ಜಿ ಬೀಸುವ ಕಲ್ಲಿನ ಮುಂದೆ ಕುಳಿತು, ಬೀಸಲು ಏನೂ ಇಲ್ಲದಿದ್ದರೂ ಎರಡು ಸುತ್ತು ತಿರುಗಿಸಿದಳು.

ಹೀಗೆ ಆರಂಭವಾಯಿತು ನನ್ನ ಎರಡು ಮನೆಗಳ ಬದುಕು. ಬೆಳಕು ಹರಿಯುವ ಮುನ್ನ ಅಪ್ಪ ನನ್ನನ್ನು ಕನಕಪುರ ರಸ್ತೆಯವರೆಗೆ ನಡೆಸಿಕೊಂಡು ಬಂದು ಬಸ್ಸು ಹತ್ತಿಸುತ್ತಿದ್ದರು. ಅತ್ತೆಯ ಮನೆಯಲ್ಲಿ ನನಗೆ ಬೆಳಗಿನ ಉಪ್ಪಿಟ್ಟು ಸಿಗುತ್ತಿತ್ತು; ಇಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ. ಅದನ್ನು ಅವರು ಬಡಿಸುತ್ತಿದ್ದುದು ಹಿತ್ತಲಿನಲ್ಲಿ, ಪಾತ್ರೆ ತಿಕ್ಕುವವಳಿಗೆಂದು ಗೂಡಿನಲ್ಲಿ ಇಟ್ಟಿದ್ದ ಅಲ್ಯೂಮಿನಿಯಂ ತಟ್ಟೆಯಲ್ಲಿ. ಅವಳು ಬರುವುದು ಮಧ್ಯಾಹ್ನ, ನಾನು ಬರುವುದು ಬೆಳಿಗ್ಗೆ. ಒಂದೇ ತಟ್ಟೆ ಇಬ್ಬರಿಗೂ ಸಾಲುತ್ತದೆಂಬುದು ಅತ್ತೆಯ ಅನುಕೂಲ. ಆ ತಟ್ಟೆಯ ಒಂದು ಅಂಚು ಒಳಕ್ಕೆ ಬಗ್ಗಿತ್ತು. ಒಳಗೆ ಅಡುಗೆಮನೆಯ ಗೋಡೆಯಲ್ಲಿ, ಆ ಕಾಲಕ್ಕೆ ಅಪರೂಪವಾಗಿದ್ದ ಸ್ಟೀಲ್ ತಟ್ಟೆಗಳು ಹೊಳೆಯುತ್ತ ನಿಂತಿರುತ್ತಿದ್ದವು. ಅತ್ತೆಯದು, ಮಾವನದು, ಶೋಭಾಳದು, ಎಲ್ಲದರ ಮೇಲೂ ಅವರವರ ಹೆಸರು. ಊರಿನ ಹೆಸರು ಮಾತ್ರ ಒಂದರ ಮೇಲೂ ಇರಲಿಲ್ಲ. ಮಾವ ಒಳ್ಳೆಯವರೆಂದು ಎಲ್ಲರೂ ಹೇಳುತ್ತಿದ್ದರು. ಇದ್ದಿರಬಹುದು, ನಾನು ಹಿತ್ತಲಿನಲ್ಲಿ ತಿನ್ನುವುದನ್ನು ಅವರು ದಿನವೂ ನೋಡುತ್ತಿದ್ದರು.

ಶಾಲೆಯಲ್ಲಿ ನಾನು ಚೆನ್ನಾಗಿ ಓದಿದೆ. ಇದನ್ನು ಹೆಮ್ಮೆಗೆ ಹೇಳುತ್ತಿಲ್ಲ. ಮುಂದೆ ನಡೆದದ್ದಕ್ಕೆ ನನ್ನ ಓದಿನ ಸಂಬಂಧವೇ ಇರಲಿಲ್ಲವೆಂದು ತಿಳಿಸಲು ಹೇಳುತ್ತಿದ್ದೇನೆ. ಅರ್ಧವಾರ್ಷಿಕ ಪರೀಕ್ಷೆ ಮುಗಿದ ಮೇಲೆ ಹೆಸರಿಲ್ಲದ ಒಂದು ಪತ್ರ ಶಾಲೆಗೆ ಬಂದಿತು. ಹೊರಗಿನವರು ಸುಳ್ಳು ವಿಳಾಸ ಕೊಟ್ಟು ಸೀಟು ಪಡೆದಿದ್ದಾರೆ, ಇಲ್ಲಿಯವರ ಮಕ್ಕಳಿಗೆ ಜಾಗವಿಲ್ಲದಂತಾಗಿದೆ ಎಂಬುದು ಅದರ ಸಾರ. ಪ್ರತಿ ತರಗತಿಯ ಶಿಕ್ಷಕಿಯೂ ಅನುಮಾನ ಬಂದ ಮಕ್ಕಳ ಮನೆಗೆ ಹೋಗಿ ನೋಡಿ ವರದಿ ಕೊಡಬೇಕೆಂದು ಹೆಡ್‌ಮಿಸ್ ಹೇಳಿದರಂತೆ. ರೇಷನ್ ಕಾರ್ಡಿನಲ್ಲಿ ನನ್ನ ಹೆಸರು ಎಲ್ಲರಿಗಿಂತ ಕೆಳಗೆ, ಬೇರೆ ಶಾಯಿಯಲ್ಲಿ ಇತ್ತು. ನಮ್ಮ ತರಗತಿಯ ವಿಮಲಾ ಮಿಸ್ ಶನಿವಾರ ಮಧ್ಯಾಹ್ನ ಬರುತ್ತಾರೆಂದು ಗೊತ್ತಾದಾಗ, ಅತ್ತೆ ನನ್ನನ್ನು ಮೊದಲ ಸಲ ನಡುಮನೆಯಲ್ಲಿ ಕೂರಿಸಿ ಪಾಠ ಹೇಳಿಕೊಟ್ಟರು. ತನಿಖೆಯ ಪ್ರಶ್ನೆಗಳನ್ನೂ ಅವರೇ ಕೇಳಿದರು.

“ರಾತ್ರಿ ಎಲ್ಲಿ ಮಲ್ಕೊಳ್ತೀಯಾ?”

“ರೂಮಲ್ಲಿ. ಶೋಭಾ ಪಕ್ಕ.”

“ಕಿಟಕಿ ಕಡೆ ಯಾರು, ಗೋಡೆ ಕಡೆ ಯಾರು?”

“ಶೋಭಾ ಕಿಟಕಿ ಕಡೆ. ಶೋಭಾ ಗೊರಕೆ ಹೊಡೀತಾಳೆ.”

“ಅಮ್ಮಾ, ನೋಡಮ್ಮ ಇವಳು. ನಾನೆಲ್ಲಿ ಗೊರಕೆ ಹೊಡೀತೀನಿ?”

“ನೀನ್ ಸುಮ್ನಿರೇ. ಅಂಥದ್ದು ಹೇಳಿದ್ರೇ ನಂಬೋದು. ಅದನ್ನ ಬಿಡ್ಬೇಡ ರತ್ನ, ಖಂಡಿತ ಹೇಳು.”

ಅಂದು ನಾವು ಮೂವರೂ ನಕ್ಕೆವು. ಆ ಮನೆಯಲ್ಲಿ ನಾನು ನಕ್ಕ ನೆನಪು ಅದೊಂದೇ. ಆಮೇಲೆ ಅತ್ತೆಗೆ ತಟ್ಟೆಯ ಯೋಚನೆ ಬಂತು. ನನ್ನನ್ನು ಕರೆದುಕೊಂಡು ಹೋಗಲು ಅಪ್ಪ ಬಂದಾಗ ಹಿಂಬಾಗಿಲಲ್ಲಿ ನಿಂತೇ ಹೇಳಿದರು.

“ಅಣ್ಣಯ್ಯ, ನಮ್ಮನೇಲಿ ಎಲ್ರ ತಟ್ಟೆ ಮೇಲೂ ಹೆಸರೈತೆ. ಇವಳ ತಟ್ಟೆ ಒಂದಿಲ್ದೆ ಹೋದ್ರೆ ಆ ಮಿಸ್ಸಿಗೆ ತಟ್ಟಂತ ಗೊತ್ತಾಗುತ್ತೆ. ಒಂದು ಸ್ಟೀಲ್ ತಟ್ಟೆ ತಗೊಂಡು ಹೆಸರು ಬರೆಸ್ಕೊಂಡು ಬಾ.”

ಅಪ್ಪ ಮರುದಿನವೇ ಗಾಂಧಿ ಬಜಾರಿಗೆ ನನ್ನನ್ನೂ ಕರೆದುಕೊಂಡು ಹೋದರು. ಪಾತ್ರೆ ಅಂಗಡಿಯಲ್ಲಿ ತಟ್ಟೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿ, ಅಂಚು ದಪ್ಪವಿದ್ದ ಒಂದನ್ನು ಆರಿಸಿದರು. ನನ್ನದೆಂದು ನಮ್ಮ ಮನೆಗೆ ಬಂದ ಮೊದಲ ವಸ್ತು ಅದು. ಕೆತ್ತುವ ಮುದುಕರು ಅಂಗಡಿಯ ಮೆಟ್ಟಿಲ ಮೇಲೆ ಕುಳಿತಿದ್ದರು. ತಲೆ ಎತ್ತದೆ ಕೇಳಿದರು.

“ಹೆಸರು?”

“ನಾಗರತ್ನ.”

“ಊರು?”

“ಹೊಂಗೇಪಾಳ್ಯ.”

ಅಪ್ಪ ಯೋಚಿಸಲೇ ಇಲ್ಲ. ಬಾಲ್ಯದಿಂದ ಅಜ್ಜಿ ಹೇಳಿಕಳಿಸುತ್ತಿದ್ದ ಉತ್ತರ ಅದು. ಪಾತ್ರೆ ಅಂಗಡಿಯ ಮೆಟ್ಟಿಲ ಮೇಲೆ ಅವರ ಬಾಯಿಗೆ ಬೇರೆ ಉತ್ತರ ತಿಳಿದಿರಲಿಲ್ಲ. ಉಳಿ ಟಕಟಕನೆ ಓಡಿತು. ನಾನು ಪಕ್ಕದಲ್ಲಿ ನಿಂತು ಒಂದೊಂದೇ ಅಕ್ಷರ ಮೂಡುವುದನ್ನು ನೋಡಿ ಸಂತೋಷಪಟ್ಟೆ. ತಪ್ಪು ನನಗೂ ಕಾಣಿಸಲಿಲ್ಲ. ತಟ್ಟೆಯನ್ನು ಅತ್ತೆಯ ಕೈಗಿತ್ತಾಗ ಅವರೂ ತಿರುಗಿಸಿ ಮುರುಗಿಸಿ ನೋಡಿದರು, ಚೆನ್ನಾಗಿದೆ ಎಂದರು, ಶೋಭಾಳ ತಟ್ಟೆಯ ಪಕ್ಕದಲ್ಲಿ ನಿಲ್ಲಿಸಿದರು. ಹುಟ್ಟಿದಾರಭ್ಯ ಆ ಹೆಸರು ಕೆತ್ತಿದ ಪಾತ್ರೆಗಳಲ್ಲೇ ಉಂಡು ಬೆಳೆದ ಹೆಂಗಸು. ಅವರ ಕಣ್ಣಿಗೆ ಅದು ಅಕ್ಷರವಾಗಿ ಕಾಣಲೇ ಇಲ್ಲ. ನಮ್ಮ ಕುಟುಂಬದ ಮೂರು ಜನ ಆ ತಟ್ಟೆಯನ್ನು ನೋಡಿದೆವು, ಒಬ್ಬರೂ ಓದಲಿಲ್ಲ.

ಶನಿವಾರ ವಿಮಲಾ ಮಿಸ್ ಹೇಳಿದ ಹೊತ್ತಿಗೇ ಬಂದರು. ನಾನೂ ಶೋಭಾಳೂ ಗೇಟಿನ ಬಳಿ ನಿಂತು ಅವರನ್ನು ಎದುರುಗೊಂಡು, ಅವರ ಹಿಂದೆಯೇ ಮುಂಬಾಗಿಲಿನಿಂದ ಒಳಗೆ ಹೋದೆವು. ಹೊಸಿಲು ದಾಟುವಾಗ ಯಾವ ಕಾಲು ಮುಂದಿಡಬೇಕೆಂದು ತಿಳಿಯದೆ ನಾನು ಒಂದು ಕ್ಷಣ ನಿಂತೆ. ಪ್ರಶ್ನೆಗಳೆಲ್ಲ ಅತ್ತೆ ಊಹಿಸಿದವೇ. ಎಲ್ಲಿ ಮಲಗುತ್ತೀಯೆ, ಹಾಲು ಯಾರು ತರುತ್ತಾರೆ, ಎದುರು ಮನೆಯವರ ಹೆಸರೇನು. ನಾನು ಹೇಳಿದ ಒಂದೊಂದು ಸುಳ್ಳನ್ನೂ ಮಿಸ್ ತಲೆಯಾಡಿಸಿ ಒಪ್ಪಿಕೊಂಡರು. ಗೊರಕೆಯ ಮಾತಿಗೆ ಅವರೂ ನಕ್ಕರು. ಪುಸ್ತಕ ಮಡಚಿ ಎದ್ದೂ ಆಗಿತ್ತು. ಅಲ್ಲಿಗೆ ಬಿಟ್ಟಿದ್ದರೆ ನಾನು ಆ ಶಾಲೆಯಲ್ಲಿ ಉಳಿಯುತ್ತಿದ್ದೆ. ಆದರೆ ತಟ್ಟೆಗೆ ಪಟ್ಟ ಶ್ರಮ ವ್ಯರ್ಥವಾಗಬಾರದೆಂದು ಅತ್ತೆಗೆ ಅನ್ನಿಸಿತು.

“ಒಂದು ಲೋಟ ಕಾಫಿ ಕುಡ್ಕೊಂಡು ಹೋಗಿ ಮಿಸ್. ಮಕ್ಕಳಿಗೂ ಊಟದ ಹೊತ್ತು. ರತ್ನ, ನಿನ್ ತಟ್ಟೆ ತಗೊಳಮ್ಮ.”

ನಾನು ಅಡುಗೆಮನೆಯಿಂದ ತಟ್ಟೆ ತಂದೆ. ವಿಮಲಾ ಮಿಸ್ ಕನ್ನಡ ಕಲಿಸುವವರು. ಎಲ್ಲಿ ಅಕ್ಷರ ಕಂಡರೂ ಓದುವ ಅಭ್ಯಾಸ. ನನ್ನ ಕೈಯಿಂದ ತಟ್ಟೆ ತೆಗೆದುಕೊಂಡು ಗಟ್ಟಿಯಾಗಿ ಓದಿದರು.

“ನಾಗರತ್ನ, ಹೊಂಗೇಪಾಳ್ಯ. ಹೊಂಗೇಪಾಳ್ಯ ಯಾವ ಊರು?”

ನಾನು ಅತ್ತೆಯ ಮುಖ ನೋಡಿದೆ. ಅವರಿಗೆ ಉತ್ತರ ಗೊತ್ತಿತ್ತು. ಆ ಒಂದು ಉತ್ತರ ನನ್ನ ಸೀಟನ್ನು ಉಳಿಸಬಹುದಾಗಿತ್ತು. ಆದರೆ ಅದನ್ನು ಹೇಳಬೇಕಾದರೆ ಮೈಸೂರಿನ ತವರನ್ನು ಬಿಟ್ಟುಕೊಡಬೇಕಿತ್ತು. ಎದುರು ಮನೆಯ ಹೆಂಗಸು ಮಿಸ್ ಬಂದದ್ದು ಕಂಡು ಗೇಟಿನ ಬಳಿಯೇ ನಿಂತಿದ್ದಳು.

“ಅದ್ಯಾವ ಊರೋ ನಂಗೊತ್ತಿಲ್ಲ ಮಿಸ್. ನಮ್ಮಣ್ಣ ತಂದಿಟ್ಟಿದ್ದು.”

ಆಗ ನಾನು ಹೇಳಿದೆ. ಯಾರೂ ಕಲಿಸದ ಮಾತು ಅಂದು ನನ್ನ ಬಾಯಿಂದ ಬಂದದ್ದು ಅದೊಂದೇ.

“ಇದೇ ಹೊಂಗೇಪಾಳ್ಯ ಮಿಸ್. ನೀವು ನಿಂತಿದ್ದೀರಲ್ಲ, ಇದೇ. ನಮ್ಮ ಸ್ಕೂಲೂ ಹೊಂಗೇಪಾಳ್ಯದಲ್ಲೇ ಇರೋದು.”

ವಿಮಲಾ ಮಿಸ್ ಬೇರೆ ಜಿಲ್ಲೆಯವರು; ಆ ಹೆಸರನ್ನು ಅವರು ಕೇಳಿರಲಿಲ್ಲ. ಅವರು ನನ್ನನ್ನು ಬಹಳ ಹೊತ್ತು ನೋಡಿದರು. ಕೋಪದಿಂದ ನೋಡಿದ್ದರೆ ನಾನು ಬೇಗ ಮರೆಯುತ್ತಿದ್ದೆನೇನೋ. ಅವರ ಕಣ್ಣಲ್ಲಿ ಇದ್ದದ್ದು ಬೇಸರ.

“ಸಾಕು ನಾಗರತ್ನ. ಇನ್ನೊಂದು ಸುಳ್ಳು ಬೇಡ.”

ಅಂದು ನಾನು ಹೇಳಿದ ಹತ್ತು ಹನ್ನೆರಡು ಮಾತುಗಳಲ್ಲಿ ನಿಜವಾದದ್ದು ಅದೊಂದೇ. ಮಿಕ್ಕವನ್ನೆಲ್ಲ ನಂಬಿದವರು ಅದೊಂದನ್ನು ನಂಬಲಿಲ್ಲ. ನಿಯಮದ ಪ್ರಕಾರ ಅವರ ವರದಿ ಸರಿಯಾಗಿಯೇ ಇತ್ತು: ನಾನು ಆ ಮನೆಯಲ್ಲಿ ವಾಸವಿರಲಿಲ್ಲ, ನನ್ನ ಅಪ್ಪ ಸುಳ್ಳು ವಿಳಾಸ ಕೊಟ್ಟಿದ್ದರು, ನನ್ನ ಜಾಗದಲ್ಲಿ ಬೇರೊಬ್ಬ ಹುಡುಗಿ ಕೂರಬೇಕಾಗಿತ್ತು. ಇದನ್ನು ನಾನು ಎಂದೂ ಅಲ್ಲಗಳೆದಿಲ್ಲ. ಮುಂದಿನ ವಾರ ನನ್ನ ಹೆಸರು ಹಾಜರಿ ಪುಸ್ತಕದಿಂದ ಹೋಯಿತು. ಅಪ್ಪ ವರ್ಗಾವಣೆ ಪತ್ರ ತರಲು ಹೋದಾಗ, ಬಾವುಟದ ಕಂಬದ ಕೆಳಗೆ ಸ್ವಲ್ಪ ಹೊತ್ತು ಕುಳಿತಿದ್ದು ಬಂದರಂತೆ. ತಟ್ಟೆಯನ್ನು ಅತ್ತೆ ಹಳೆಯ ಪತ್ರಿಕೆಯಲ್ಲಿ ಸುತ್ತಿ, ಹಿತ್ತಲಿನ ಕಲ್ಲಿನ ಮೇಲೆ ಇಟ್ಟಿದ್ದರು. ಕೈಗೆ ಕೊಡಲು ಬಾಗಿಲು ತೆರೆಯಲಿಲ್ಲ.

ಮನೆಗೆ ಬಂದ ಅಪ್ಪ ಅರ ತೆಗೆದುಕೊಂಡು ಊರಿನ ಹೆಸರನ್ನು ಉಜ್ಜಿ ಅಳಿಸಲು ಕುಳಿತರು. ಮೊದಲ ಅಕ್ಷರದ ಒಂದು ಚುಕ್ಕೆ ಹೋಗುವಷ್ಟರಲ್ಲಿ ಅಜ್ಜಿ ಬಂದು ತಟ್ಟೆಯನ್ನು ಕಿತ್ತುಕೊಂಡಳು.

“ತಟ್ಟೆ ಏನ್ ಮಾಡ್ತು ನಿಂಗೆ? ಅದು ಇರೋದನ್ನ ಹೇಳ್ತು. ಸುಳ್ಳು ಹೇಳಿದ್ದು ನೀವು.”

ನಾನು ಒಂದೂವರೆ ವರ್ಷ ಹಸು ಮೇಯಿಸಿದೆ. ತಲಘಟ್ಟಪುರದಲ್ಲಿ ಐದನೆಯ ತರಗತಿ ತೆರೆದಾಗ ನನಗಿಂತ ಚಿಕ್ಕವರ ನಡುವೆ ಮತ್ತೆ ಕುಳಿತೆ, ಓದಿದೆ, ಶಿಕ್ಷಕಿಯಾದೆ. ಶೋಭಾಳ ಮದುವೆಗೆ ಅತ್ತೆ ನಮ್ಮ ಮನೆಯಿಂದಲೇ ಛತ್ರಕ್ಕೆ ಪಾತ್ರೆ ತರಿಸಿಕೊಂಡರು. ಬೀಗರು ಬರುವ ಮುನ್ನ ಎಲ್ಲ ಹಂಡೆ ಕೊಳಗಗಳ ಹೆಸರಿನ ಭಾಗವನ್ನು ಗೋಡೆಯ ಕಡೆಗೆ ತಿರುಗಿಸಿ ನಿಲ್ಲಿಸಿದ್ದನ್ನು ನಾನು ನೋಡಿದೆ. ನಾನು ಒಂದೊಂದಾಗಿ ಎಲ್ಲವನ್ನೂ ಮತ್ತೆ ಈಚೆಗೆ ತಿರುಗಿಸಿದೆ. ಅತ್ತೆ ನೋಡಿದರು. ಆ ವಿಷಯ ನಮ್ಮಿಬ್ಬರ ನಡುವೆ ಅದಕ್ಕಿಂತ ಹೆಚ್ಚು ಎಂದೂ ಬರಲಿಲ್ಲ, ಅವರು ತೀರಿಕೊಳ್ಳುವವರೆಗೂ.

ಇಷ್ಟಕ್ಕೇ ಈ ಅಧ್ಯಾಯವನ್ನು ಮುಗಿಸಿದ್ದರೆ ನನಗೆ ಸುಲಭವಾಗುತ್ತಿತ್ತು. ಆದರೆ ಬೇರೆಯವರು ಮಾಡಿದ್ದನ್ನು ಇಷ್ಟು ವಿವರವಾಗಿ ಬರೆದವಳು ಇನ್ನೊಂದನ್ನೂ ಬರೆಯಬೇಕು. ನಾನು ನಿವೃತ್ತಳಾಗುವ ಹಿಂದಿನ ವರ್ಷ, ನಮ್ಮ ಶಾಲೆಯಲ್ಲಿ ಇಂಗ್ಲಿಷ್ ಮಾಧ್ಯಮ ತೆರೆದು ಸೀಟಿಗೆ ನೂಕುನುಗ್ಗಲಾದಾಗ, ಮತ್ತೆ ಅದೇ ದೂರು ಬಂದಿತು, ಮತ್ತೆ ಅದೇ ತನಿಖೆ. ನನಗೆ ಶ್ರೀನಗರದ ಕೆಲವು ಮನೆಗಳು ಬಂದವು. ನಾನು ಯಾರ ಅಡುಗೆಮನೆಗೂ ಕಾಲಿಡಲಿಲ್ಲ, ಯಾರ ತಟ್ಟೆಯನ್ನೂ ಕೇಳಲಿಲ್ಲ. ಅಷ್ಟರಿಂದಲೇ ನಾನು ನ್ಯಾಯವಾಗಿದ್ದೇನೆಂದು ತಿಳಿದುಕೊಂಡೆ. ಕೊನೆಯ ವಿಳಾಸ ಮೂರು ಮಹಡಿಯ ಒಂದು ಮನೆ. ಗೇಟಿನ ಬಳಿ ಆರೇಳು ವರ್ಷದ ಹುಡುಗಿ ಎಣ್ಣೆ ಹಚ್ಚಿ ಬಾಚಿದ ತಲೆಯೊಡನೆ ಕಾಯುತ್ತ ನಿಂತಿದ್ದಳು. ಮನೆಯ ಮಾಲೀಕರು ಬಾಲ್ಕನಿಯಿಂದ ಬಗ್ಗಿ ನೋಡಿದರು.

“ಯಾರೂ ಇಲ್ಲ ಮೇಡಂ. ಬಾಡಿಗೆಗೆ ಯಾರನ್ನೂ ಇಟ್ಕೊಂಡಿಲ್ಲ ನಾವು. ಇವರಮ್ಮ ಇಲ್ಲಿ ಕಸ ಗುಡಿಸ್ತಾಳೆ ಅಷ್ಟೇ.”

“ನಾವು ಮೆಟ್ಲ ಕೆಳಗೆ ಇರ್ತೀವಿ ಮಿಸ್,” ಎಂದಳು ಹುಡುಗಿ.

ಮೆಟ್ಟಿಲ ಕೆಳಗೆ ನೀರಿನ ಮೋಟರ್ ಇಡುವ ಗೂಡಿನಂಥದಕ್ಕೆ ಒಂದು ತಗಡಿನ ಬಾಗಿಲು, ಅದಕ್ಕೆ ಬೀಗ. ಬಿಸಿಲು ಜೋರಾಗಿತ್ತು, ಮೊಣಕಾಲು ನೋಯುತ್ತಿತ್ತು, ಅದು ಅಂದಿನ ಆರನೆಯ ಮನೆ. ಯಾರೋ ಹೇಳಿಕೊಟ್ಟ ಮಾತನ್ನು ಹುಡುಗಿ ಸರಿಯಾಗಿ ಒಪ್ಪಿಸುತ್ತಿಲ್ಲ ಎಂದುಕೊಂಡೆ. ‘ವಿಳಾಸದಲ್ಲಿ ವಾಸವಿಲ್ಲ’ ಎಂದು ಬರೆದು ಸಹಿ ಮಾಡಿದೆ. ಎರಡು ತಿಂಗಳ ನಂತರ ಬೇರೆ ಕೆಲಸಕ್ಕೆ ಆ ಬೀದಿಯಲ್ಲಿ ಹೋಗುವಾಗ ತಗಡಿನ ಬಾಗಿಲು ತೆರೆದಿತ್ತು. ಒಳಗೆ ಮೋಟರಿನ ಪಕ್ಕದಲ್ಲಿ ಚಾಪೆ, ಸ್ಟೌ, ಮೊಳೆಗೆ ನೇತುಹಾಕಿದ ಪುಟ್ಟ ಶಾಲಾಚೀಲ. ಬಾಗಿಲ ಬಳಿ ಅಕ್ಕಿ ಆರಿಸುತ್ತಿದ್ದ ತಾಯಿ ನನ್ನನ್ನು ಗುರುತಿಸಲಿಲ್ಲ. ಮಗಳೆಲ್ಲಿ ಎಂದು ಕೇಳಿದೆ. ಇಲ್ಲಿ ಸೀಟು ಸಿಗಲಿಲ್ಲ, ಊರಿಗೆ ಅಜ್ಜಿಯ ಹತ್ತಿರ ಕಳಿಸಿದೆ ಎಂದಳು. ಮರುದಿನ ನಾನು ನನ್ನ ವರದಿ ತಪ್ಪೆಂದು ಬರೆದುಕೊಟ್ಟೆ. ಸೀಟು ಆಗಲೇ ಬೇರೆ ಮಗುವಿಗೆ ಹೋಗಿತ್ತು. ನನ್ನ ಕಾಗದವನ್ನು ಕಡತಕ್ಕೆ ಸೇರಿಸಿದರು.

ಆ ಹುಡುಗಿಯ ಹೆಸರು ಪೂರ್ಣಿಮಾ. ನಾನು ಇಂದಿಗೂ ಊಟ ಮಾಡುವುದು ಅದೇ ತಟ್ಟೆಯಲ್ಲಿ; ಒಂದು ಚುಕ್ಕೆ ಕಡಿಮೆಯಾದ ಊರಿನ ಹೆಸರು ತೊಳೆಯುವಾಗ ಬೆರಳಿಗೆ ಸಿಗುತ್ತದೆ. ಮೊದಲು ಆಗೆಲ್ಲ ನೆನಪಾಗುತ್ತಿದ್ದುದು ಅತ್ತೆಯ ಮುಖ, ವಿಮಲಾ ಮಿಸ್ಸಿನ ಬೇಸರದ ಕಣ್ಣು. ಈಗ ನೆನಪಾಗುವುದು ಗೇಟಿನ ಬಳಿ ಎಣ್ಣೆ ಹಚ್ಚಿ ಬಾಚಿದ ತಲೆ. ಅವಳು ಎಲ್ಲೋ ಓದುತ್ತಿರಬಹುದು, ನನ್ನ ಮುಖವನ್ನೂ ಮರೆತಿರಬಹುದು. ಹಾಗೆಂದು ನನಗೆ ನಾನೇ ಹೇಳಿಕೊಂಡು ನೋಡಿದ್ದೇನೆ. ನಾನು ಅವಳಾಗಿದ್ದರೆ ಮರೆಯುತ್ತಿರಲಿಲ್ಲ.